ಮುಖದ ಮೇಲಿನ ಬಟ್ಟೆ

೨೦೦೩ನೇ ಇಸವಿ, ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ಭದ್ರಾವತಿ ನ್ಯೂ ಟೌನಿನ ಒಂದು ಮನೆಯ ಒಳಕೋಣೆ. ಇದ್ದವರು ನಾನು, ಚರ್ಚಿನ ಹೆಂಗಸರ ಸಂಘದ ಇಬ್ಬರು, ಮಂಚದ ಮೇಲೆ ನನ್ನ ಗೆಳತಿ. ಅವಳು ಬೆಳಗಿನ ಜಾವ ತೀರಿಕೊಂಡಿದ್ದಳು. ಗಂಡ ಹೊರಗೆ ಜಗಲಿಯಲ್ಲಿ ಕುಳಿತಿದ್ದರು. ಅವರನ್ನು ಒಳಗೆ ಬಿಟ್ಟಿರಲಿಲ್ಲ. ಹೆಂಗಸಿನ ಮೈ ತೊಳೆಯುವ ಹೊತ್ತಿಗೆ ಗಂಡನೂ ಹೊರಗೇ ಇರಬೇಕೆಂಬುದು ನಮ್ಮ ಸಂಘದ ನಿಯಮ.

ನಾನು ನರ್ಸ್. ಮಿಷನ್ ಆಸ್ಪತ್ರೆಯಲ್ಲಿ ಕಲಿತವಳು. ಸತ್ತವರ ಮೈ ತೊಳೆಯುವಾಗ ತೊಳೆಯುತ್ತಿರುವ ಭಾಗ ಬಿಟ್ಟು ಉಳಿದದ್ದೆಲ್ಲ ಮುಚ್ಚಿರಬೇಕು, ಮಗ್ಗುಲಾಗಿಸುವ ಮೊದಲು ಹೆಸರು ಹಿಡಿದು ಹೇಳಬೇಕು ಎಂದು ನಮಗೆ ಕಲಿಸಿದ್ದರು. ಬಿಸಿನೀರು ಕೂಡ ಬದುಕಿದ್ದವರಿಗೆ ಹಿತವಾಗುವಷ್ಟೇ ಬಿಸಿ ಇರಬೇಕು. ಯಾಕೆ ಎಂದು ಕೇಳಿದ ಹುಡುಗಿಯೊಬ್ಬಳಿಗೆ ಬೈಗುಳ ಬಿದ್ದಿತ್ತು. ನಾನು ಕೇಳಲಿಲ್ಲ, ಮಾಡುತ್ತ ಬಂದೆ. ಅಂದೂ ಹಾಗೇ ಮಾಡಿದೆ.

ಕೊನೆಗೆ ಮುಖ. ಎಡಗಡೆ ದವಡೆ ಇರಲಿಲ್ಲ. ಎಲೆ ಅಡಿಕೆಯ ಚಟದಿಂದ ಬಾಯಲ್ಲಿ ಎದ್ದ ಹುಣ್ಣು ಕ್ಯಾನ್ಸರ್ ಆಗಿ, ಎರಡು ವರ್ಷದ ಹಿಂದೆ ದವಡೆಯ ಮೂಳೆಯನ್ನೇ ತೆಗೆದಿದ್ದರು. ಎದೆಯ ಚರ್ಮ ತಂದು ಕೆನ್ನೆಗೆ ಹಾಕಿದ್ದರು. ಮುಖ ಒಂದು ಕಡೆಗೆ ಜಗ್ಗಿ ನಿಂತಿತ್ತು. ಕಣ್ಣು ಮಾತ್ರ ಮೊದಲಿನದೇ.

ತೊಳೆದು, ಒರೆಸಿ, ಅವಳೇ ಹೊಲಿದಿಟ್ಟಿದ್ದ ಬಿಳಿ ಬಟ್ಟೆಯನ್ನು ಮುಖದ ಮೇಲೆ ಹಾಸಿದೆ. ಅವಳು ನ್ಯೂ ಟೌನಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವಳು. ಈ ಬಟ್ಟೆಗೂ ಸುತ್ತ ಲೇಸು ಹಾಕಿ ಅಂಚು ಮಡಿಸಿದ್ದಳು. ತಿಂಗಳ ಹಿಂದೆ ಅದನ್ನು ನನ್ನ ಕೈಗಿಟ್ಟು, ಆಡಲು ಬರದ ಬಾಯಲ್ಲಿ ನಿಧಾನವಾಗಿ ಹೇಳಿದ್ದಳು: "ಯಾರೂ ಎತ್ತಬಾರದು. ನೀನಿರ್ತೀಯಲ್ಲ, ನೋಡ್ಕೋ."

ಅವಳು ಹಾಗೆ ಹೇಳಲು ಕಾರಣವಿತ್ತು. ಹಿಂದಿನ ವರ್ಷ ಅವಳ ತಮ್ಮನ ಮಗಳ ಮದುವೆ. ತಮ್ಮನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಮದುವೆಗೆ ವಿಡಿಯೋ, ಹಾಲೋಜನ್ ದೀಪ, ಎರಡು ಕ್ಯಾಮೆರಾ. ನವವಧುವಿನ ಪಕ್ಕ ಸೋದರತ್ತೆ ನಿಲ್ಲುವುದು ಅವರಲ್ಲಿ ಪದ್ಧತಿ. ಇವಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಹೋಗಿ ನಿಂತಳು. ತಮ್ಮ ಬಂದು ಕಿವಿಯಲ್ಲಿ, "ಅಕ್ಕ, ಸ್ವಲ್ಪ ಆ ಕಂಬದ ಕಡೆ ನಿಂತ್ಕೊಳ್ಳೇ. ಇದು ನಾಳೆ ಬೀಗರ ಮನೇಲೆಲ್ಲ ಹಾಕಿ ನೋಡೋದು," ಎಂದ. ಇವಳು ಕಂಬದ ಹತ್ತಿರವೂ ನಿಲ್ಲದೆ ಬಸ್ಸು ಹಿಡಿದು ಊರಿಗೆ ಬಂದಳು. ಆ ಮೇಲೆ ಭಾನುವಾರದ ಪೂಜೆಗೂ ಬರಲಿಲ್ಲ. ಜನವಿಲ್ಲದ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಫಾದರ್ ಕೈಯಿಂದ ಪರಮಪ್ರಸಾದ ತೆಗೆದುಕೊಳ್ಳಲು ಎಲ್ಲರೂ ಹೋಗಿಬಂದ ಮೇಲೆ ಕೊನೆಗೆ ಏಳುತ್ತಿದ್ದಳು.

ನನಗೆ ಜನರ ಮೇಲೆ ನಂಬಿಕೆ ಕಡಿಮೆ. ಸೂಜಿ ದಾರ ತೆಗೆದುಕೊಂಡು ಬಟ್ಟೆಯ ನಾಲ್ಕೂ ಅಂಚನ್ನು ತಲೆದಿಂಬಿಗೆ ಸೇರಿಸಿ ಹೊಲಿದುಬಿಟ್ಟೆ. ಜೊತೆಗಿದ್ದವಳು, "ಇದೇನಕ್ಕ, ಹೊಲಿಗೆ ಹಾಕ್ತಿದೀರ?" ಎಂದಳು. "ಗಾಳಿಗೆ ಹಾರುತ್ತೆ," ಎಂದೆ. ಶವಪೆಟ್ಟಿಗೆ ಬಂದಾಗ ದಿಂಬಿನ ಸಮೇತ ಎತ್ತಿ ಅದರೊಳಗೆ ಮಲಗಿಸಿದೆವು.

ಒಂಬತ್ತಕ್ಕೆ ತಮ್ಮ ವ್ಯಾನಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಸವಳಂಗ ರಸ್ತೆಯ ಸ್ಟುಡಿಯೋದ ವಿಡಿಯೋದವನು, ಅವನ ಕ್ಯಾಮೆರಾ, ವೈರು, ದೀಪದ ಕಂಬ. ಆ ವರ್ಷಗಳಲ್ಲಿ ನಮ್ಮವರ ಸಾವಿಗೂ ವಿಡಿಯೋ ಬಂದಾಗಿತ್ತು. ಗಲ್ಫಿನಲ್ಲಿರುವ ಮಕ್ಕಳಿಗೆ ಕ್ಯಾಸೆಟ್ ಕಳಿಸಬೇಕಲ್ಲ. ಶವಪೆಟ್ಟಿಗೆಯ ತಲೆಭಾಗವನ್ನು ಇಟ್ಟಿಗೆಯ ಮೇಲೆತ್ತಿ, ಹಿಂದೆ ಬಂಧುಗಳು ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು ಹಳೆಯ ರೂಢಿ. ಅದರ ಜಾಗದಲ್ಲೀಗ ಕ್ಯಾಮೆರಾ ಓಡಾಡತೊಡಗಿತ್ತು, ಅಳುವವರ ಬಳಿ ಹೋಗಿ ನಿಲ್ಲತೊಡಗಿತ್ತು.

ಗೆಳತಿಯ ಒಬ್ಬನೇ ಮಗ ಗಲ್ಫಿನಲ್ಲಿ ವೆಲ್ಡರ್. ಅವನಿಗೆ ರಜೆ ಸಿಕ್ಕಿರಲಿಲ್ಲ. ತಾಯಿಗೆ ಹಲ್ಲಿನದೊಂದು ಚಿಕ್ಕ ಆಪರೇಷನ್ ಆಗಿದೆ ಎಂದಷ್ಟೇ ಅವನಿಗೆ ಗೊತ್ತು. ಉಳಿದದ್ದನ್ನು ಅಪ್ಪ ಅಮ್ಮ ಇಬ್ಬರೂ ಹೇಳಿರಲಿಲ್ಲ.

ತಮ್ಮ ಒಳಗೆ ಬಂದವನು ಅಳಲಿಲ್ಲ ಎನ್ನಲಾರೆ, ಅತ್ತ. ಕಣ್ಣೊರೆಸಿಕೊಂಡು ಬಟ್ಟೆಯ ಅಂಚಿಗೆ ಕೈ ಹಾಕಿದ. ಬರಲಿಲ್ಲ.

"ಇದ್ಯಾಕಕ್ಕ ಹೊಲಿದುಬಿಟ್ಟಿದೀರ?"

"ಅವಳು ಹೇಳಿದ್ಲು."

"ಮಗ ನೋಡೋದ್ ಬೇಡ್ವಾ? ಹೆತ್ತ ತಾಯಿ ಮುಖ ಕೊನೇ ಸಲ ನೋಡೋ ಆಸೆ ಇರಲ್ವಾ ಅವನಿಗೆ?"

"ಅವನ ಆಸೆ ನಂಗೊತ್ತು. ಇವಳ ಆಸೇನೂ ಗೊತ್ತು. ಸತ್ತಿರೋದು ಇವಳು."

"ನೀವು ರಿಟೈರ್ ಆಗಿ ಎಷ್ಟ್ ವರ್ಷ ಆಯ್ತು? ಇನ್ನೂ ವಾರ್ಡ್ ಅಂದ್ಕೊಂಡಿದೀರಲ್ಲ."

"ವಾರ್ಡಾಗಿದ್ರೆ ವಿಸಿಟಿಂಗ್ ಟೈಮ್ ಮುಗೀತು ಅಂತ ನಿಮ್ಮನ್ನ ಆಗ್ಲೇ ಹೊರಗೆ ಹಾಕ್ತಿದ್ದೆ."

ವಿಡಿಯೋದವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನೇನೂ ಕೆಟ್ಟವನಲ್ಲ. ಮೆಲ್ಲಗೆ, "ಮುಖ ಇಲ್ದಿದ್ರೆ ಯಾರದು ಅಂತ ಹೇಗೆ ಗೊತ್ತಾಗುತ್ತೆ ಮೇಡಂ? ಬರೀ ಬಟ್ಟೇನೇ ಶೂಟ್ ಮಾಡ್ಬೇಕಾಗುತ್ತೆ," ಎಂದ. ಅವನ ಕೆಲಸದ ಮಟ್ಟಿಗೆ ಅದು ನ್ಯಾಯವಾದ ಮಾತು.

ತಮ್ಮ ಕತ್ತರಿ ಕೇಳಿದ. ಟೈಲರ್ ಮನೆಯಲ್ಲಿ ಕತ್ತರಿಗೇನು ಬರ? ಹೊಲಿಗೆ ಯಂತ್ರದ ಡ್ರಾಯರಿನಲ್ಲಿಯೇ ಇತ್ತು. ನಾನು ಡ್ರಾಯರಿಗೆ ಬೆನ್ನು ಕೊಟ್ಟು ನಿಂತೆ. ಆಗ ಜಗಲಿಯಿಂದ ಗಂಡ ಎದ್ದು ಬಂದರು. ಕಾರ್ಖಾನೆಯ ಕುಲುಮೆಯ ಮುಂದೆ ಬದುಕು ಸವೆಸಿದವರು, ಮಾತು ಕಡಿಮೆ. "ಬಿಡು ಮಾರಾಯ," ಎಂದರು ಭಾವಮೈದುನನಿಗೆ. "ಇದ್ದಾಗ ನೀನೇ ಬೇಡ ಅಂದಿದ್ದ ಮುಖ. ಈಗ್ಯಾಕೆ?"

ಮಾತು ಅಲ್ಲಿಗೇ ಮುಗಿಯಿತೆಂದು ನಾನು ತಿಳಿದೆ.

ಮುಗಿದಿರಲಿಲ್ಲ. ತಮ್ಮ ನಡುಮನೆಗೆ ಹೋಗಿ ಗೋಡೆಯ ಮೇಲಿದ್ದ ಫೋಟೋ ಇಳಿಸಿಕೊಂಡು ಬಂದ. ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಸ್ಟುಡಿಯೋದಲ್ಲಿ ತೆಗೆಸಿ ದೊಡ್ಡದು ಮಾಡಿಸಿದ್ದು. ತುಂಬಿದ ಕೆನ್ನೆ, ಮಲ್ಲಿಗೆ ದಂಡೆ, ನಗು. ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದ್ದರು. ಅದನ್ನು ಪೆಟ್ಟಿಗೆಯೊಳಗೆ, ಮುಚ್ಚಿದ ಮುಖದ ಮೇಲೆಯೇ ಇಟ್ಟ. "ಬಟ್ಟೆ ಎತ್ತಲ್ಲ. ಸರಿ ತಾನೆ?" ಎಂದ.

ಫಾದರ್ ಬಂದಿದ್ದರು. ನಾನು ಅವರ ಮುಖ ನೋಡಿದೆ. ಅವರು ವಾಚು ನೋಡಿಕೊಂಡರು. "ಫೋಟೋ ತಾನೇ ಸಿಸ್ಟರ್. ಮಗನಿಗೂ ಸಮಾಧಾನ ಆಗುತ್ತೆ," ಎಂದರು.

ಬಟ್ಟೆ ಎತ್ತಬಾರದು ಎಂಬುದು ನನಗಿದ್ದ ಅಪ್ಪಣೆ. ಫೋಟೋ ಇಡಬಾರದು ಎಂದು ಅವಳು ಹೇಳಿರಲಿಲ್ಲ. ಅವಳಿಗಾದರೂ ಹೊಳೆಯಬೇಕಲ್ಲ. ಗಂಡ ಫೋಟೋವನ್ನು ಒಮ್ಮೆ ನೋಡಿ ಮತ್ತೆ ಜಗಲಿಗೆ ಹೋದರು. ನಾನು ಪಕ್ಕಕ್ಕೆ ಸರಿದೆ.

ಕೊನೆಯ ಮುತ್ತಿನ ಹೊತ್ತು ಬಂತು. ಪೆಟ್ಟಿಗೆ ಮುಚ್ಚುವ ಮೊದಲು ಒಬ್ಬೊಬ್ಬರೇ ಬಂದು ತೀರ್ಥ ಚಿಮುಕಿಸಿ ಹಣೆಗೆ ಮುತ್ತಿಡುವುದು ನಮ್ಮ ಪದ್ಧತಿ. ದೀಪ ಉರಿಯಿತು. ಜನ ಸಾಲಾಗಿ ಬಂದು ಗಾಜಿಗೆ ಮುತ್ತಿಟ್ಟರು. ಎರಡು ವರ್ಷ ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದವರೂ ಇದ್ದರು. ಬಾಗಿ, ನಿಧಾನವಾಗಿ, ಕಣ್ಣು ಮುಚ್ಚಿ ಮುತ್ತಿಟ್ಟರು. ಗಾಜು ಮಂಜಾಯಿತು. "ಗ್ಲೇರ್ ಹೊಡೀತಿದೆ, ಸ್ವಲ್ಪ ಒರೆಸಿ," ಎಂದ ವಿಡಿಯೋದವನು. ಯಾರೋ ಕರವಸ್ತ್ರ ಕೊಟ್ಟರು. ತಮ್ಮನ ಹೆಂಡತಿ ಪಕ್ಕದಲ್ಲಿ ನಿಂತು, ಆಗಾಗ ಗಾಜು ಒರೆಸಿದಳು.

ಹಿಂದಿನ ದಿನ ಶುಕ್ರವಾರ. ಚರ್ಚಿನಲ್ಲಿ ಇದೇ ಜನ, ಯೇಸು ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳಗಳ ಮುಂದೆ ಪ್ರಾರ್ಥಿಸುತ್ತ ಶಿಲುಬೆ ಹಾದಿ ಮಾಡಿದ್ದೆವು. ಆರನೆಯ ಸ್ಥಳದಲ್ಲಿ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದು, ರಕ್ತ ಉಗುಳು ಹತ್ತಿದ ಯೇಸುವಿನ ಮುಖ ಒರೆಸುತ್ತಾಳೆ. ಅಲ್ಲಿ ನಾವೆಲ್ಲ ಮೊಣಕಾಲೂರುತ್ತೇವೆ. ನೋಡಲಾಗದ ಮುಖವನ್ನು ಅವಳು ನೋಡಿದಳು ಎಂಬುದಕ್ಕಾಗಿಯೇ ಊರುವುದು. ಮನುಷ್ಯನನ್ನು ದೇವರು ತನ್ನ ಹೋಲಿಕೆಯಲ್ಲಿ ಮಾಡಿದನೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾವ ಫೋಟೋದಲ್ಲಿರುವ ಮನುಷ್ಯನನ್ನು ಎಂದು ಯಾವ ಮಗುವೂ ಈವರೆಗೆ ಕೇಳಿಲ್ಲ.

ನಾನು ಯಂತ್ರದ ವಿರೋಧಿಯಲ್ಲ. ಗಂಟಲಿನ ಕಫ ಎಳೆಯುವ ಯಂತ್ರವಿಲ್ಲದಿದ್ದರೆ ಆಪರೇಷನ್ ಆದ ವಾರವೇ ಅವಳು ಹೋಗುತ್ತಿದ್ದಳು. ಆ ಯಂತ್ರಕ್ಕೆ ಅವಳ ಮುಖ ಹೇಗಿದ್ದರೂ ಆಗುತ್ತಿತ್ತು. ಕ್ಯಾಮೆರಾಕ್ಕೂ ಹೇಗಿದ್ದರೂ ಆಗುತ್ತದೆ. ಆಗದಿರುವುದು ಅದರ ಮುಂದೆ ಯಾರು ನಿಲ್ಲಬೇಕು, ಯಾರು ಕಂಬದ ಹಿಂದೆ ಹೋಗಬೇಕು ಎಂದು ವಿಂಗಡಿಸುವ ನಮಗೆ. ಮೊದಲು ಬೀಗರು ನೋಡುತ್ತಾರೆಂದು ವಿಂಗಡಿಸಿದೆವು. ಆಮೇಲೆ ಯಾರೂ ನೋಡದಿದ್ದಾಗಲೂ ಅದೇ ಅಭ್ಯಾಸವಾಯಿತು. ಅವಳೂ ಅದನ್ನು ನಮ್ಮಿಂದಲೇ ಕಲಿತು ತನ್ನ ಮುಖಕ್ಕೆ ತಾನೇ ಬಟ್ಟೆ ಹೊಲಿದುಕೊಂಡಳು. ನಾನು ಕಾಯ್ದದ್ದು ಅವಳ ಮಾತನ್ನು, ನಿಜ. ಆದರೆ ಆ ಮಾತನ್ನು ಅವಳ ಬಾಯಿಗೆ ಹಾಕಿದವರು ಎದುರಿನ ಸಾಲಿನಲ್ಲೇ ನಿಂತಿದ್ದರು.

ಮುಚ್ಚಳ ಹಾಕುವಾಗ ಫೋಟೋವನ್ನು ಹೊರಗೆತ್ತಿದರು. ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣಾಯಿತು.

ಮನೆಗೆ ಮರಳಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮಗನ ಫೋನು. ತಮ್ಮನೇ ಎತ್ತಿದ. ಎಲ್ಲರಿಗೂ ಕೇಳುವ ಹಾಗೆ, "ಚೆನ್ನಾಗ್ ಆಯ್ತು ಕಣೋ. ನಿಮ್ಮಮ್ಮ ಮೊದಲಿನ ಹಾಗೇ ಇದ್ಲು, ನಗ್ತಾ ಮಲಗಿದ್ದಂಗೆ. ಎಲ್ಲ ಕ್ಯಾಸೆಟ್ಟಲ್ಲಿ ಬಂದಿದೆ, ನೋಡುವಿಯಂತೆ," ಎಂದ. ಆಮೇಲೆ ಮುಖ ಸಣ್ಣ ಮಾಡಿಕೊಂಡು ರಿಸೀವರನ್ನು ನನ್ನತ್ತ ಚಾಚಿದ. "ನಿಮ್ಮನ್ನ ಕೇಳ್ತಿದಾನೆ."

"ಆಂಟಿ, ಅಮ್ಮನ್ನ ನೀವೇ ತೊಳೆದ್ರಂತೆ. ಮಾಮ ಹೇಳ್ತಿರೋದು ನಿಜಾನಾ? ಮುಖ ಚೆನ್ನಾಗಿತ್ತಾ?"

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವಳ ಗಂಡನೂ ನೋಡಿದರು. ಅವರು ತಲೆಯಾಡಿಸಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಅವಳು ನನ್ನ ಕೈಗೆ ಕೊಟ್ಟದ್ದು ಬಟ್ಟೆಯೊಂದನ್ನೇ; ಸುಳ್ಳನ್ನು ಕೊಟ್ಟಿರಲಿಲ್ಲ.

"ಕೇಳಪ್ಪ," ಎಂದೆ. "ನಿಮ್ಮಮ್ಮಂಗೆ ಕ್ಯಾನ್ಸರ್ ಇತ್ತು. ಎಡಗಡೆ ದವಡೆ ತೆಗೆದಿದ್ರು. ಮುಖ ಯಾರಿಗೂ ತೋರಿಸ್ಬೇಡ ಅಂದಿದ್ಲು, ತೋರಿಸ್ಲಿಲ್ಲ. ಕ್ಯಾಸೆಟ್ಟಲ್ಲಿ ಇರೋದು ಗೋಡೆ ಮೇಲಿನ ಫೋಟೋ."

ತಮ್ಮ ಲೋಟ ಕುಕ್ಕಿ ಹೊರಗೆ ನಡೆದ.

ಮಗ ಹೇಳಿದ: "ಎರಡು ವರ್ಷದಿಂದ ಅಮ್ಮ ಮಾತಾಡಿದ್ದು ಏನೂ ತಿಳೀತಿರಲಿಲ್ಲ ಆಂಟಿ. ನಾನು ಲೈನ್ ಸರಿ ಇಲ್ಲ ಅಂದ್ಕೊಂಡಿದ್ದೆ. ಅಮ್ಮ, ಲೈನ್ ಸರಿ ಇಲ್ಲ, ಅಪ್ಪಂಗೆ ಕೊಡು ಅಂತಿದ್ದೆ. ಪ್ರತಿ ಸಲ ಅದೇ ಅಂತಿದ್ದೆ."

"ಹೌದು," ಎಂದೆ.

"ಅಮ್ಮ ಹೇಳಬಾರದಿತ್ತಾ?"

ರಿಸೀವರನ್ನು ಅವನ ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಕಿವಿಗೆ ಹಿಡಿದುಕೊಂಡು ಕೂತರು. ಆ ಕಡೆಯಿಂದ ಮಗ ಅಳುವುದು ನಾನು ನಿಂತಲ್ಲಿಗೇ ಕೇಳುತ್ತಿತ್ತು. ಲೈನ್ ಚೆನ್ನಾಗಿಯೇ ಇತ್ತು.

ನಾನು ಒಳಗೆ ಹೋಗಿ ಹಾಸಿಗೆಯ ಬಟ್ಟೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿದೆ. ಅರ್ಧ ಗಂಟೆ ಬಿಟ್ಟು ಹಿಂಡಿ, ಹಿತ್ತಲಿನ ತಂತಿಗೆ ಹರವಿದೆ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದೆ. ಸಂಘದ ಬೇಸಿನ್ನು, ಬಕೆಟ್ಟು, ಕ್ಯಾಂಡಲ್ ಸ್ಟ್ಯಾಂಡುಗಳನ್ನು ಸೋಪು ಹಾಕಿ ತೊಳೆದು, ಒಣಗಿಸಿ, ರಿಕ್ಷಾದಲ್ಲಿ ಚರ್ಚಿಗೆ ಒಯ್ದೆ. ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಸಂಜೆ ಆರರ ಗಂಟೆ ಹೊಡೆಯುವ ಮೊದಲು ಕೀಲಿ ಒಪ್ಪಿಸಿದೆ.