ಕುದುರೆಯ ಗೊರಸಿಗೆ ಕಂಬಳಿ

ಗೋಕಾಕದಲ್ಲಿ ನಾನು ಟಾಂಗಾ ಹೊಡೆಯುತ್ತಿದ್ದ ಕಾಲ. ಅದಕ್ಕೂ ಮುಂಚೆ ಏಳು ವರ್ಷ ಕುದುರೆ ಪಲ್ಟನ್ನಿನ ಲಾಯದಲ್ಲಿ ದುಡಿದಿದ್ದೆ. ಅಲ್ಲಿ ಮೇವು, ನೀರು, ಮಾಲೀಸು ಎಲ್ಲಕ್ಕೂ ಗಂಟೆ. ಊರಿಗೆ ಬಂದ ಮೇಲೂ ನನ್ನ ಕಂದು ಕುದುರೆಗೆ ಅದೇ ಶಿಸ್ತು. ಓಣಿಯವರು ನಗುತ್ತಿದ್ದರು. ನಗಲಿ.

ಆದರೆ ಒಂದು ಮಧ್ಯಾಹ್ನ ನಾನೇ ತಪ್ಪಿದೆ. ಮೂಡಲಗಿ ಕಡೆಯ ಕಬ್ಬಿನ ತೋಟಕ್ಕೆ ಬಾಡಿಗೆ ಹೋಗಿದ್ದೆ. ಅಲ್ಲಿ ಗಾಣ ನಡೆದಿತ್ತು. ನಮ್ಮ ಕಡೆ ಗಾಣಕ್ಕೆ ಬಂದವರನ್ನು, ಮನುಷ್ಯರಿರಲಿ ದನವಿರಲಿ, ಬರಿಬಾಯಲ್ಲಿ ಕಳಿಸುವುದಿಲ್ಲ. ನಾನು ಉಂಡು ಬೇವಿನ ನೆರಳಿಗೆ ಒರಗಿದೆ. ತೋಟದ ಮುದುಕಿ ಅಕ್ಕರೆಯಿಂದ ಕುದುರೆಗೆ ಬುಟ್ಟಿ ತುಂಬ ಬೆಲ್ಲ, ಮೇಲೆ ಎರಡು ಮೊರ ಗೋವಿನಜೋಳ ಸುರಿದಿದ್ದಳು. ನಾನು ಎದ್ದಾಗ ಬುಟ್ಟಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

"ಪಾಪ, ಭಾಳ ಹಸದಿತ್ತೋ ಯಪ್ಪಾ," ಎಂದಳು. ನಾನು ಟಾಂಗಾ ಹೂಡಿದೆ.

ಮರುದಿನ ಮಧ್ಯಾಹ್ನ ಕುದುರೆ ಮುಂಗಾಲು ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತುಬಿಟ್ಟಿತು. ಗೊರಸು ಮುಟ್ಟಿದರೆ ಕಾದ ಹಂಚು. ಈ ಬೇನೆ ನನಗೆ ಗೊತ್ತಿತ್ತು: ಕಾಳು, ಬೆಲ್ಲ ಅತಿಯಾದರೆ ಗೊರಸಿನೊಳಗೆ ಬಾವು ಏರಿ ಎಲುಬು ಹಿಡಿತ ಬಿಡುತ್ತದೆ, ಕೆಳಗೆ ಜಾರುತ್ತದೆ. ಜಾರಿತೋ, ಕುದುರೆ ಮುಗಿದಂತೆ.

ಲಾಳ ಹೊಡೆಯುವ ನಾಲಬಂದ ನನ್ನ ಹಳೆಯ ಗೆಳೆಯ. ಬಂದು ನೋಡಿದ. "ಓಡಸ್ರಿ ಇದನ್ನ. ಬೆವರು ಇಳದ್ರ ರಗತ ತಿಳಿ ಆಗತೈತಿ."

"ಒಂದ ಹೆಜ್ಜಿ ನಡಸಂಗಿಲ್ಲ," ಅಂದೆ. "ಮೊದಲ ಲಾಳ ತೆಗಿ. ಜಗ್ಗಬ್ಯಾಡ, ಮೊಳಿ ಒಂದೊಂದ ಬಿಚ್ಚು."

ಅವನು ಗೊಣಗುತ್ತ ಬಿಚ್ಚಿದ. ಅಷ್ಟರಲ್ಲಿ ನಾನು ಹುಕ್ಕೇರಿ ಸಂತೆಯಲ್ಲಿ ಕೊಂಡ ನನ್ನ ಹೊದೆಯುವ ಕಂಬಳಿಯನ್ನೇ ಕತ್ತರಿಸಿದೆ. ಗೊರಸಿನ ಅಡಿ, ನಡುವೆ, ಮೆತ್ತನೆಯ ತ್ರಿಕೋನವಿರುತ್ತದೆ. ಅದಕ್ಕೆ ಸರಿಯಾಗಿ ಐದು ಮಡಿಕೆಯ ಮೆತ್ತೆ ಮಾಡಿ, ಹಿಮ್ಮಡಿಯ ತನಕ ಕೂಡಿಸಿ, ಧೋತರದ ಪಟ್ಟಿಯಿಂದ ಬಿಗಿದೆ. ಗೊರಸಿನ ಮುಂತುದಿಗೆ ಮಾತ್ರ ಏನೂ ತಾಗಬಾರದು; ನೋವು ಇರುವುದೇ ಅಲ್ಲಿ.

"ಏನ್ರಿ ಪಲ್ಟನ್ ಮಾಮಾ, ಬಾಣಂತಿಗೆ ಕಟ್ಟಿದಂಗ ಕಟ್ಟಾಕತ್ತೀರಲ್ಲ!" ಎಂದು ನಾಲಬಂದ ನಕ್ಕ. "ತಲಿಗೆ ಕೂಸಿನ ಕುಂಚಿಗಿನೂ ಹೊಲಸ್ತೀರೇನು?"

"ನೀ ಕಾಲ ಹಿಡಿ. ಬಾಯಿ ಆಮ್ಯಾಲ."

ಘಟಪ್ರಭೆಯ ಉಸುಕು ತಂದು ಕುದುರೆಯ ಕಾಲಡಿಗೆ ಗೇಣು ದಪ್ಪ ಹಾಸಿದೆವು. ಎರಡು ತಾಸಿಗೊಮ್ಮೆ ಗೊರಸಿಗೆ ತಣ್ಣೀರು. ಕಾಳು ಬಂದ್, ನೆನೆಸಿದ ಒಣಹುಲ್ಲು ಮಾತ್ರ. ಮುಂಜಾನೆ ಸಂಜೆ ಮೆತ್ತೆ ಬದಲು. ಮೂರನೆಯ ದಿನ ಕುದುರೆ ಹುಲ್ಲು ಮೂಸಲೂ ಇಲ್ಲ, ಮಲಗಿಬಿಟ್ಟಿತು. ನಾಲಬಂದ ಮೆಲ್ಲಗೆ ಗುಂಡಿಟ್ಟು ಕೊಲ್ಲುವ ಮಾತು ಎತ್ತಿದ. ಮೆತ್ತೆಯ ಹೊತ್ತಾಗಿತ್ತು, ಬದಲಿಸಿದೆ.

ಐದನೆಯ ಮುಂಜಾನೆ ಕುದುರೆ ಎದ್ದು ನಿಂತಿತ್ತು. ಬಿಚ್ಚಿದ ಮೆತ್ತೆ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಅಂದರೆ ಮುಂಗಾಲಿನ ಮೇಲೆ ಭಾರ ಹಾಕಿತ್ತು! ಅದನ್ನು ಒಯ್ದು ನಾಲಬಂದನ ಮೂಗಿನ ಕೆಳಗೆ ಹಿಡಿದೆ. ಅವನು ಹೊರಳಿಸಿ ನೋಡಿದ. ಬಂದು ಗೊರಸು ಮುಟ್ಟಿದ.

"ಖರೇನ ತಣ್ಣಗ ಆಗೇತ್ರಿ!"

ಆ ದಿನದಿಂದ ಮೆತ್ತೆ ಮಡಚುವ ಕೆಲಸ ಅವನದೇ. ನನಗಿಂತ ಚೊಕ್ಕ ಮಡಚುತ್ತಿದ್ದ, ಹೇಳಲೇಬೇಕು.

ಎರಡು ತಿಂಗಳ ಮೇಲೆ ನಾಲಬಂದ ಹೊಸ ಲಾಳ ಹೊಡೆದ. ಪೇಟೆಯ ಕಲ್ಲುಹಾಸಿನ ಮೇಲೆ ಅವನೇ ಹಗ್ಗ ಹಿಡಿದು ನಡೆಸಿದ. ನಡೆದದ್ದು ಹತ್ತು ಹೆಜ್ಜೆ, ಅಷ್ಟೆ. ಆಮೇಲೆ ಕುದುರೆ ಕಿವಿ ನಿಮಿರಿಸಿ ಓಡಿತು, ಒಂದೂ ಕಾಲು ಕುಂಟದೆ. ಹಗ್ಗ ಬಿಡದೆ ಅವನೂ ಓಡಿದ. ಅಂಗಡಿಯವರೆಲ್ಲ ಎದ್ದು ನಿಂತರು.

"ನಿಲ್ಲಸ್ರಿ ಮಾಮಾ, ನಿಲ್ಲಸ್ರಿ!" ಎಂದು ಏದುಸಿರಿನಲ್ಲಿ ಕೂಗಿದ.

ನಾನು ನಿಲ್ಲಿಸಲಿಲ್ಲ.