ಹುಣಸೆಹಣ್ಣು ತಿಕ್ಕಿದ ನಾಣ್ಯ

ಡಾಟ್‌ಕಾಂ ಭರಾಟೆಯ ಕಾಲ. ಅಮೆರಿಕದ ಸಾಂಟಾ ಕ್ಲಾರಾದ ನಾಣ್ಯ ಮೇಳದಲ್ಲಿ ನನ್ನ ಅಂಗಡಿಯ ಪಕ್ಕದ ಟೇಬಲ್ಲು ಒಬ್ಬ ಜರ್ಮನ್ ಪ್ರಕಾಶಕನದು. ನಾಣ್ಯ ಕೂಡಿಡುವವರಿಗೆಂದೇ ಬೆಲೆಪಟ್ಟಿಯ ಪುಸ್ತಕ ಅಚ್ಚು ಹಾಕುತ್ತಾ ತಲೆ ನರೆಸಿಕೊಂಡವನು.

"ಅಂಕಲ್, ಇದನ್ನ ಮಾರಿಸಿಕೊಡಿ. ಫ್ರೆಂಡ್ ಕಂಪನಿ ಷೇರು ಇವತ್ತೇ ತಗೋಬೇಕು" ಅಂತ ಹಾಸನದ ಎಂಜಿನಿಯರು ಮಂಜುನಾಥ ಅಜ್ಜಿಯ ಕಾಲದ ಅಪರೂಪದ ಬೆಳ್ಳಿ ನಾಣ್ಯ ತಂದ. ಶುಕ್ರವಾರದ ಲಕ್ಷ್ಮೀಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದು ಕನ್ನಡಿಯಾಗಿತ್ತು. ಕೆಟ್ಟ ಸುದ್ದಿ ಹೇಳುವ ಕೆಲಸವನ್ನು ನಾನು ಜರ್ಮನ್ನನಿಗೆ ದಾಟಿಸಿದೆ.

"ತಿಕ್ಕಿ ಹಾಳು ಮಾಡಿದ್ದೀರಿ. ಹಳೇ ಬಣ್ಣ ಹೋದ ನಾಣ್ಯವನ್ನ ಕೂಡಿಡೋರು ಮುಟ್ಟೋದಿಲ್ಲ. ನನ್ನ ಪುಸ್ತಕದ ಬೆಲೆ ಇದಕ್ಕೆ ಸಿಗೋದಿಲ್ಲ. ಬೆಳ್ಳಿಯ ತೂಕಕ್ಕೆ ಮಾರಿ" ಎಂದ ಅವನು.

ಮಂಜುನಾಥ ರೇಗಿದ. "ಈ ಊರಲ್ಲಿ ಹೊಳೆಯೋದಕ್ಕೆಲ್ಲ ರೇಟ್ ಇದೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಇಲ್ವಾ? ನಿಮ್ಮ ಹತ್ರ ಎಷ್ಟು ನಾಣ್ಯ ಇದೆ, ಹೇಳಿ ನೋಡೋಣ!"

"ಒಂದೂ ಇಲ್ಲ. ನಾನು ಕೂಡಿಡೋದು ನಾಣ್ಯದ ಹುಚ್ಚಿರೋ ಗಿರಾಕಿಗಳನ್ನ" ಎಂದ ಮುದುಕ, ಅವನಿಗೂ ಒಂದು ಪುಸ್ತಕ ಮಾರಿಯೇ ಕಳಿಸಿದ.

ಷೇರು ಕೊಳ್ಳಲಾಗಲಿಲ್ಲ. ಆಮೇಲೆ ಆ ಕಂಪನಿ ಮುಳುಗಿತು. ಕಾಪಾಡಿದವಳು ಲಕ್ಷ್ಮಿಯೇ ಅಂತ ಮಂಜುನಾಥ ಈಗ ನಾಣ್ಯವನ್ನು ಇನ್ನೂ ಜೋರಾಗಿ ತಿಕ್ಕುತ್ತಾನೆ. ಪೂಜೆಯಲ್ಲಿ ಅದಕ್ಕೆ ಮಣೆ ಆ ಜರ್ಮನ್ ಪುಸ್ತಕ. ಗಟ್ಟಿ ರಟ್ಟು, ಒಳ್ಳೆಯ ಬೈಂಡಿಂಗು.