ಬಲಕ್ಕೆ ಬಿದ್ದ ಹೂ

ಅಮ್ಮನ ಮಕ್ಕಳೇ, ಕೇಳಿ. ಕಳೆದ ಬೇಸಿಗೆಯಲ್ಲಿ, ನಾನು ಚಿತ್ರದುರ್ಗದಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುವ ಮಕ್ಕಳಲ್ಲಿ ಒಬ್ಬಳಾದ ಸ್ಫೂರ್ತಿ ಬೀಮ್ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಳು. ಬೀಮ್ ಎಂದರೆ ಎದೆಯೆತ್ತರದ, ಅಂಗೈ ಅಗಲದ ತೊಲೆ. ಅದರ ಮೇಲೆ ಹಿಂದಕ್ಕೆ ಬಾಗಿ, ಕೈಯೂರಿ, ಕಾಲು ತಿರುಗಿಸಿ ನಿಲ್ಲಬೇಕು. ಹನ್ನೊಂದು ವರ್ಷದ ಆ ಹುಡುಗಿಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಆಡಬಹುದು" ಎಂದರು. ಆದರೆ ಬೀಮ್ ಹತ್ತಿದೊಡನೆ ಅವಳು ತೊಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅಲ್ಲೇ ಕೂತುಬಿಡುತ್ತಿದ್ದಳು.

ನಾನು ಮನಃಶಾಸ್ತ್ರ ಓದಿದವಳು. ಭಯ ಹುಟ್ಟಿಸುವ ಮಾತು ಅವಳ ಕಿವಿಗೆ ಬೀಳಬಾರದೆಂದು, "ಬೀಳು" ಎಂಬ ಪದವನ್ನೇ ಹಾಲ್‌ನಲ್ಲಿ ನಿಷೇಧಿಸಿದೆ. ಅದರ ಬದಲು "ಇಳಿ" ಎನ್ನಬೇಕು. ಮಕ್ಕಳಿಗೆ ಅದೊಂದು ಆಟವಾಯಿತು. "ಮಿಸ್, ಹೊರಗೆ ಮಳೆ ಇಳೀತೈತೆ!" "ಮಿಸ್, ಇವಳ ಹಲ್ಲು ಇಳೀತು!" ಸ್ಫೂರ್ತಿ ಮಾತ್ರ ನಗಲಿಲ್ಲ.

ಪ್ರತಿದಿನ ದೇವರ ಮುಂದೆ ನನ್ನದು ಒಂದೇ ಬೇಡಿಕೆ: "ತಾಯಿ, ಆ ಮಗು ಇನ್ನೊಮ್ಮೆ ಬೀಳದಂತೆ ನೋಡಿಕೋ." ಅದು ಭಕ್ತಿಯೋ, ಒಳ್ಳೆಯ ಶಿಷ್ಯೆ ಕೈತಪ್ಪುವಳೆಂಬ ಹೆದರಿಕೆಯೋ, ಈಗಲೂ ಹೇಳಲಾರೆ. ಆಷಾಢ ಬಂದರೂ ಏನೂ ಬದಲಾಗಲಿಲ್ಲ.

ಅವಳನ್ನು ಐಮಂಗಲದಿಂದ ಬಸ್ಸಿನಲ್ಲಿ ಕರೆತರುತ್ತಿದ್ದವರು ಅವಳ ಅಜ್ಜಿ. ಒಂದು ಸಂಜೆ ನನ್ನ ಹತ್ತಿರ ಬಂದರು.

"ಮೇಡಂ, ಹುಡುಗಿ ನಿದ್ದೇಲಿ ಬೆಚ್ಚಿ ಬೀಳ್ತೈತೆ" ಎಂದು ನಾಲಿಗೆ ಕಚ್ಚಿಕೊಂಡು, "ಅಲ್ಲಲ್ಲ, ಬೆಚ್ಚಿ ಇಳೀತೈತೆ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಿಂಗೇ ಆದ್ರೆ ಬಿಡಿಸಿಬಿಡ್ತೀನಿ. ಒಂದ್ಸಲ ನಮ್ಮೂರ ಅಮ್ಮನ ಹತ್ರ ಹೂ ಕೇಳಾಣ. ಬಲಕ್ಕೆ ಕೊಟ್ರೆ ಆಡ್ಲಿ, ಎಡಕ್ಕೆ ಕೊಟ್ರೆ ಬಿಡ್ಲಿ. ನೀವೂ ಬರ್ರಿ."

ಒಂದು ಮಗುವಿನ ಮುಂದಿನ ದಾರಿಯನ್ನು ಹೂವಿನ ಮೇಲೆ ಬಿಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಆದರೆ ನನ್ನ ಓದಿನಲ್ಲಿ ಬೇರೆ ದಾರಿ ಉಳಿದಿರಲಿಲ್ಲ. ಸ್ಫೂರ್ತಿಯೂ "ಕೇಳಾಣ ಮಿಸ್" ಎಂದಳು.

ಶುಕ್ರವಾರ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು. ಚಿಕ್ಕ ಗುಡಿ. ಪೂಜಾರಿ ಅಮ್ಮನ ಎರಡೂ ಭುಜಗಳಿಗೆ ಒದ್ದೆ ದಾಸವಾಳ ಅಂಟಿಸಿದರು. ಕಾದೆವು. ಹೂ ಅಲುಗಲಿಲ್ಲ.

"ಕೊಡವ್ವಾ, ಯಾಕೆ ಸತಾಯಿಸ್ತೀಯ?" ಎಂದು ಅಜ್ಜಿ ಗದರಿದರು.

"ಅಮ್ಮನಿಗೇ ಜೋರು ಮಾಡ್ತೀರಲ್ಲವ್ವಾ. ಸುಮ್ನೆ ಕುಂತ್ಕಳ್ರಿ" ಎಂದರು ಪೂಜಾರಿ.

ಸುತ್ತಲಿದ್ದ ಹೆಂಗಸರು ಶುರು ಮಾಡಿದರು: "ಬೀಳ್ಲಿ ತಾಯಿ, ಬೀಳ್ಲಿ." ಹುಡುಗಿಯ ಕಿವಿ ಮುಚ್ಚೋಣ ಎನ್ನಿಸಿತು. ಅಷ್ಟರಲ್ಲಿ ಎಡಗಡೆಯ ಹೂ ತುಸು ಜಾರಿ ನಿಂತಿತು. ಆಗ ಪಕ್ಕದಲ್ಲೊಂದು ಸಣ್ಣ ದನಿ:

"ಬೀಳವ್ವಾ... ಬೀಳು."

ಸ್ಫೂರ್ತಿ! ಬಲಗಡೆಯ ಹೂ ಕಳಚಿ ಅಮ್ಮನ ಪಾದದ ಹತ್ತಿರ ಬಿತ್ತು. "ಬಿತ್ತು! ಬಿತ್ತು!" ಎಂದು ಗುಡಿಯೆಲ್ಲ ಕೈಮುಗಿಯಿತು.

ಅವಳು ಕರೆದ ಮೇಲೆಯೇ ಹೂ ಬಿತ್ತೆಂದು ನನ್ನ ನೆನಪು. ಅದಕ್ಕೂ ಮೊದಲೇ ಬಿತ್ತೆನ್ನುತ್ತಾರೆ ಅಜ್ಜಿ. ನೆನಪು ಎಲ್ಲವನ್ನೂ ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ. ಅದರ ಮೇಲೆ ಆಣೆ ಮಾಡಲಾರೆ. ಆದರೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಆ ಹುಡುಗಿ ಕೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಮಿಸ್, ಹೂ ಬಿದ್ರೆ ಎಲ್ರೂ ಕೈ ಮುಗೀತಾರೆ. ನಾನು ಬಿದ್ರೆ ಯಾಕೆ ಹಂಗೆ ಹೆದರ್ಕಂತೀರಿ?"

ಮೈ ಜುಮ್ಮೆಂದಿತು. ಆ ಮಾತು ಅವಳದೇ, ಅವಳ ಬಾಯಿಂದ ಅಮ್ಮ ಆಡಿಸಿದ್ದೇ? ಅಮ್ಮನೇ ಆಡಿಸಿದ್ದೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಸೋಮವಾರ ಹಾಲ್‌ಗೆ ಬಂದವಳೇ, "ಮಿಸ್, ಮೊದ್ಲು ಬೀಳೋದು ಕಲಿಸ್ರಿ" ಎಂದಳು. ನೆಲದ ಹತ್ತಿರದ ಗಿಡ್ಡ ಬೀಮ್, ಕೆಳಗೆ ದಪ್ಪ ಮ್ಯಾಟ್. ಕೈ ಚಾಚದೆ, ಭುಜದ ಮೇಲೆ ಉರುಳುವುದನ್ನು ಕಲಿಸಿದೆ. ಅವಳು ಉರುಳಿದಾಗಲೆಲ್ಲ ಉಳಿದವರು ಕೈಮುಗಿದು, "ಬಲಕ್ಕೆ ಬಿತ್ತು ಕಣ್ರಲೇ!" ಎಂದು ಕೂಗುತ್ತಿದ್ದರು. ಅವಳು ನಗತೊಡಗಿದಳು.

ದಸರೆಯ ಹೊತ್ತಿಗೆ ಎತ್ತರದ ಬೀಮ್ ಹತ್ತಿದಳು. ಹಿಂದಕ್ಕೆ ಬಾಗಿದಳು, ಕೈಯೂರಿದಳು, ಕಾಲು ಜಾರಿ ದಪ್ಪೆಂದು ಮ್ಯಾಟ್ ಮೇಲೆ ಬಿದ್ದಳು. ಬಾಗಿಲಲ್ಲಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡರು. ನಾನು ಓಡಲಿಲ್ಲ.

"ಯಾವ ಕಡೆಗೇ?" ಎಂದು ಕೇಳಿದೆ.

"ಬಲಕ್ಕೇ ಮಿಸ್!"

ಎದ್ದು ಮತ್ತೆ ಹತ್ತಿದಳು. ಈ ಸಲ ಕಾಲು ತಿರುಗಿ ಬಂದು ತೊಲೆಯ ಮೇಲೆ ನಿಂತವು.

ಅವಳು ಬೀಳದಿರಲಿ ಎಂದು ಬೇಡಿದ್ದೆ. ಅದೊಂದನ್ನು ಅಮ್ಮ ನಡೆಸಿಕೊಡಲಿಲ್ಲ. ಅದಕ್ಕಾಗಿಯೇ, ಅಮ್ಮನ ಮಕ್ಕಳೇ, ನಾನು ದಿನವೂ ಆ ತಾಯಿಗೆ ಕೈಮುಗಿಯುತ್ತೇನೆ.